ತಾಲ್ಲೂಕು ಊರಲ್ಲಿ ಸರ್ಕಾರಿ ಹೈಸ್ಕೂಲು ಆರಿಸುವುದು ಹೇಗೆ?

ಏಳನೇ ಕ್ಲಾಸು ಮುಗಿಸುತ್ತಿರುವ ಮಗು ಮನೆಯಲ್ಲಿದ್ದರೆ ಏಪ್ರಿಲ್ ಹೊತ್ತಿಗೆ ಒಂದೇ ಮಾತು: ಎಂಟಕ್ಕೆ ಎಲ್ಲಿಗೆ ಹಾಕೋದು? ದೊಡ್ಡ ಊರಲ್ಲಿ ಶಾಲೆಗಳೂ ಜಾಸ್ತಿ, ತಲೆಬಿಸಿಯೂ ಜಾಸ್ತಿ. ತಾಲ್ಲೂಕು ಕೇಂದ್ರದಂಥ ಸಣ್ಣ ಊರಲ್ಲಿ ಸಿಗುವುದು ಮೂರೋ ನಾಲ್ಕೋ ಸರ್ಕಾರಿ ಹೈಸ್ಕೂಲು. ಅಷ್ಟರಲ್ಲಿ ಹೋಲಿಸೋದೇನು ಅಂತ ಜನ ವಿಚಾರಿಸುವುದೇ ಇಲ್ಲ. "ನಮ್ಮಣ್ಣನ ಮಗ ಅಲ್ಲೇ ಓದಿದ್ದು" ಅಂತ ಹೇಳಿ ಸೇರಿಸಿಬಿಡುತ್ತಾರೆ, ಇಲ್ಲಾ ಬಸ್ ಸ್ಟ್ಯಾಂಡ್ ಹತ್ತಿರ ಕಟ್ಟಿದ ಫ್ಲೆಕ್ಸಿನಲ್ಲಿ ನೂರಕ್ಕೆ ನೂರು ರಿಸಲ್ಟ್ ಅಂತ ಓದಿ ಹೋಗುತ್ತಾರೆ. ಅಣ್ಣನ ಮಗನಿಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು ಈಗಲೂ ಅಲ್ಲೇ ಇದ್ದಾರಾ? ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ಊರಲ್ಲಿ ಯಾವ್ಯಾವ ಶಾಲೆ ಇದೆ

ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಳೇ ತಾಲ್ಲೂಕು ಊರಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಮೈದಾನದ ಹಳೇ ಶಾಲೆ ಇರುತ್ತದೆ. ಬೋರ್ಡಿನ ಮೇಲೆ "ಸರ್ಕಾರಿ ಪದವಿ ಪೂರ್ವ ಕಾಲೇಜು, ಪ್ರೌಢಶಾಲಾ ವಿಭಾಗ" ಅಂತ ಬರೆದಿದ್ದರೂ ಊರವರ ಬಾಯಲ್ಲಿ ಅದು ಜೂನಿಯರ್ ಕಾಲೇಜು. ಹೈಸ್ಕೂಲು, ಪಿಯು ಎರಡೂ ಒಟ್ಟಿಗೇ ಇರುವ ಇಂಥ ಕಡೆ ಹೈಸ್ಕೂಲು ನೋಡಿಕೊಳ್ಳುವವರು ಉಪ ಪ್ರಾಂಶುಪಾಲರು. ಹಾಗಾಗಿ ನೀವು ಮಾತಾಡಬೇಕಾದ್ದು ಅವರ ಹತ್ತಿರ, ಪ್ರಿನ್ಸಿಪಾಲರ ಕೋಣೆಯ ಮುಂದೆ ಕಾದು ಪ್ರಯೋಜನವಿಲ್ಲ. ಅದರ ಜೊತೆಗೆ ಒಂದು ಗರ್ಲ್ಸ್ ಹೈಸ್ಕೂಲು ಇರಬಹುದು, ಉರ್ದು ಹೈಸ್ಕೂಲು ಇರಬಹುದು. ಊರಂಚಿನ ಬಡಾವಣೆಯಲ್ಲೋ ಪಕ್ಕದ ಹಳ್ಳಿಯಲ್ಲೋ ಮೊದಲು ಪ್ರೈಮರಿ ಆಗಿದ್ದು ಆಮೇಲೆ ಹೈಸ್ಕೂಲು ಹೆಚ್ಚಿಸಲು ಕೇಂದ್ರ ಸರ್ಕಾರ ತಂದ ಆರ್‌ಎಂಎಸ್‌ಎ ಯೋಜನೆಯಲ್ಲಿ ಹೈಸ್ಕೂಲಾದ ಸಣ್ಣ ಶಾಲೆ ಇರಬಹುದು. ಆ ಯೋಜನೆ ಶುರುವಾದದ್ದು 2009ರಲ್ಲಿ, ಹಾಗಾಗಿ ಈ ಶಾಲೆಗಳಿಗೆ ಹಳೇ ಹೆಸರು ಇಲ್ಲ, ಊರವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಕ್ಲಾಸಿಗೆ ಮೂವತ್ತು ಮಕ್ಕಳು, ಎಲ್ಲರ ಹೆಸರೂ ಗೊತ್ತಿರುವ ಮೇಷ್ಟ್ರು ಅನ್ನುವ ಭಾಗ್ಯ ಕೆಲವು ಸಲ ಸಿಗುವುದು ಅಲ್ಲೇ.

ಕೆಪಿಎಸ್, ಅಂದರೆ ಕರ್ನಾಟಕ ಪಬ್ಲಿಕ್ ಸ್ಕೂಲು ಇದ್ದರೆ ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಕಾಂಪೌಂಡು. ಅನುಕೂಲ ಹೌದು. ಆದರೆ ಎಂಟಕ್ಕೆ ಹೊಸದಾಗಿ ಸೇರಿಸುವವರು ಸೀಟು ಎಷ್ಟು ಉಳಿದಿದೆ ಅಂತ ಮುಂಚೆಯೇ ಕೇಳಬೇಕು, ಅಲ್ಲೇ ಏಳು ಮುಗಿಸಿದ ಮಕ್ಕಳು ಹೇಗಿದ್ದರೂ ಮುಂದುವರಿಯುತ್ತಾರೆ.

ಆದರ್ಶ ವಿದ್ಯಾಲಯ ಮತ್ತು ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಮಾತು ಬೇರೆ. ಅಲ್ಲಿಗೆ ಆರನೇ ಕ್ಲಾಸಿಗೇ ಪ್ರವೇಶ ಪರೀಕ್ಷೆ ಬರೆದು ಹೋಗಬೇಕು. ಆದರ್ಶ ಇರುವುದೂ ಶೈಕ್ಷಣಿಕವಾಗಿ ಹಿಂದುಳಿದ 74 ತಾಲ್ಲೂಕುಗಳಲ್ಲಿ ಮಾತ್ರ. ಏಳು ಮುಗಿದ ಮೇಲೆ ಅದರ ಬಗ್ಗೆ ವಿಚಾರಿಸಿದರೆ ತಡವಾಯಿತು ಅಂತಲೇ ಅರ್ಥ. ಮನೆಯಲ್ಲಿ ಐದನೇ ಕ್ಲಾಸಿನ ಇನ್ನೊಂದು ಮಗು ಇದ್ದರೆ ಈಗಲೇ ಡೈರಿಯಲ್ಲಿ ಬರೆದಿಡಿ.

ಇನ್ನು ಅನುದಾನಿತ ಶಾಲೆಗಳು. ಮೇಷ್ಟ್ರ ಸಂಬಳ ಸರ್ಕಾರದ್ದು, ಆಡಳಿತ ಸಂಸ್ಥೆಯದ್ದು. ಒಂದು ಕಾಲಕ್ಕೆ ಸಣ್ಣ ಊರುಗಳಲ್ಲಿ ಇವುಗಳದ್ದೇ ಹೆಸರು. ಆದರೆ ಹಳಬರು ರಿಟೈರ್ ಆದ ಮೇಲೆ ಆ ಹುದ್ದೆ ತುಂಬಲು ಸರ್ಕಾರದ ಒಪ್ಪಿಗೆ ಬೇಕು, ಅದು ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟರವರೆಗೆ ಸಂಸ್ಥೆಯೇ ಯಾರನ್ನಾದರೂ ಇಟ್ಟುಕೊಂಡು ಅದರ ಖರ್ಚನ್ನು ಮಕ್ಕಳ ಹತ್ತಿರ ವಸೂಲಿ ಮಾಡುವುದೂ ಉಂಟು. ಅನುದಾನಿತ ಅಂದರೆ ಪುಕ್ಕಟೆ ಅಂದುಕೊಳ್ಳಬೇಡಿ. ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಅಂತ ಕೇಳಿ, ರಸೀದಿ ಕೊಡುತ್ತೀರಾ ಅಂತಲೂ ಕೇಳಿ.

ಯಾರು ಪಾಠ ಮಾಡುತ್ತಾರೆ

ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಕಟ್ಟಡ, ಬಣ್ಣ, ಸ್ಮಾರ್ಟ್ ಕ್ಲಾಸು ಎಲ್ಲ ಆಮೇಲೆ.

ಹೈಸ್ಕೂಲಿನಲ್ಲಿ ಹುದ್ದೆಗಳು ವಿಷಯವಾರು ಇರುತ್ತವೆ. ಗಣಿತ ಮತ್ತು ಭೌತವಿಜ್ಞಾನಕ್ಕೆ ಪಿಸಿಎಂ (ಭೌತ, ರಸಾಯನ, ಗಣಿತ ಓದಿದ) ಮೇಷ್ಟ್ರು, ಜೀವವಿಜ್ಞಾನದ ಕಡೆಗೆ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದವರು), ಸಮಾಜಕ್ಕೆ ಕಲಾ ಶಿಕ್ಷಕರು, ಕನ್ನಡ, ಇಂಗ್ಲಿಷ್, ಹಿಂದಿಗೆ ಒಬ್ಬೊಬ್ಬರು, ಜೊತೆಗೆ ಪಿಟಿ ಮೇಷ್ಟ್ರು, ಕೆಲವು ಕಡೆ ಡ್ರಾಯಿಂಗ್ ಅಥವಾ ಕ್ರಾಫ್ಟ್. ಪ್ರತಿ ಶಾಲೆಗೂ ಇಷ್ಟು ಹುದ್ದೆ ಅಂತ ಮಂಜೂರಾಗಿರುತ್ತದೆ. ಮಂಜೂರಾದ ಹುದ್ದೆ ಬೇರೆ, ಕುರ್ಚಿಯಲ್ಲಿ ಕೂತ ಮನುಷ್ಯ ಬೇರೆ. ನಿಮಗೆ ಬೇಕಾದ್ದು ಎರಡನೆಯದು.

"ಸಾರ್, ಗಣಿತಕ್ಕೆ ಯಾರಿದ್ದಾರೆ? ಕಾಯಂ ಮೇಷ್ಟ್ರಾ, ಅತಿಥಿ ಶಿಕ್ಷಕರಾ? ಇಲ್ಲಿಗೆ ಬಂದು ಎಷ್ಟು ವರ್ಷ ಆಯಿತು?" ಇಷ್ಟನ್ನು ಗಣಿತ, ವಿಜ್ಞಾನ, ಇಂಗ್ಲಿಷ್ ಮೂರಕ್ಕೂ ಕೇಳಿ. ನಮ್ಮ ಕಡೆ ಮಕ್ಕಳು ಹೆಚ್ಚಾಗಿ ಎಡವುವುದು ಈ ಮೂರರಲ್ಲೇ ಅಲ್ವಾ. ಮುಖ್ಯ ಶಿಕ್ಷಕರ ಹತ್ತಿರ ಕೇಳಲು ಸಂಕೋಚವಾದರೆ ಆಫೀಸಿನಲ್ಲಿ ಕೂತ ಗುಮಾಸ್ತರ (ಎಸ್‌ಡಿಎ) ಹತ್ತಿರ ಕೇಳಿ, ಅವರಿಗೆ ಎಲ್ಲ ಗೊತ್ತಿರುತ್ತದೆ, ಸುತ್ತಿಬಳಸದೆ ಹೇಳುತ್ತಾರೆ.

ಅತಿಥಿ ಶಿಕ್ಷಕರು ಅಂದಕೂಡಲೇ ಮೂಗು ಮುರಿಯಬೇಡಿ. ಅವರಲ್ಲಿ ಎಷ್ಟೋ ಜನ ಚೆನ್ನಾಗಿ ಪಾಠ ಮಾಡುತ್ತಾರೆ, ವಯಸ್ಸು ಚಿಕ್ಕದು, ಮಕ್ಕಳ ಜೊತೆ ಬೆರೆಯುತ್ತಾರೆ. ತೊಂದರೆ ಇರುವುದು ವ್ಯವಸ್ಥೆಯಲ್ಲಿ. ಅವರನ್ನು ಪ್ರತಿ ವರ್ಷ ಹೊಸದಾಗಿ ತೆಗೆದುಕೊಳ್ಳಬೇಕು, ಜೂನ್ ಒಂದಕ್ಕೇ ಆದೇಶ ಬರುತ್ತದೆ ಅನ್ನುವ ಖಾತ್ರಿ ಇಲ್ಲ, ಗೌರವಧನ ಕಡಿಮೆ, ಬೇರೆ ಕೆಲಸ ಸಿಕ್ಕರೆ ನಡುವೆಯೇ ಹೋಗುತ್ತಾರೆ, ಹೋಗಬೇಡಿ ಅನ್ನುವ ಹಕ್ಕು ಯಾರಿಗೂ ಇಲ್ಲ. ಹಾಗಾಗಿ "ಅತಿಥಿ ಇದ್ದಾರೆ" ಅಂದರೆ ಮುಂದಿನ ಪ್ರಶ್ನೆ: ಹೋದ ವರ್ಷವೂ ಇವರೇ ಇದ್ದರಾ, ಯಾವ ತಿಂಗಳಲ್ಲಿ ಬಂದರು?

ನಿಯೋಜನೆ ಅನ್ನುವ ಇನ್ನೊಂದು ಆಟವಿದೆ. ಹಾಜರಿ ಪುಸ್ತಕದಲ್ಲಿ ಮೇಷ್ಟ್ರ ಹೆಸರು ಈ ಶಾಲೆಯಲ್ಲೇ ಇರುತ್ತದೆ, ವಾರಕ್ಕೆ ಮೂರು ದಿನ ಮಾತ್ರ ಇಲ್ಲಿ, ಉಳಿದ ದಿನ ಹಳ್ಳಿಯ ಇನ್ನೊಂದು ಶಾಲೆಯಲ್ಲಿ. ಕಾಗದದ ಮೇಲೆ ಹುದ್ದೆ ಭರ್ತಿ, ಕ್ಲಾಸಿನಲ್ಲಿ ಅರ್ಧ ಖಾಲಿ. ಇದು ಯಾವ ವೆಬ್‌ಸೈಟಿನಲ್ಲೂ ಕಾಣುವುದಿಲ್ಲ, ಮಕ್ಕಳನ್ನು ಕೇಳಿದರೆ ಒಂದೇ ಮಾತಲ್ಲಿ ಗೊತ್ತಾಗುತ್ತದೆ.

ಮುಖ್ಯಸ್ಥರು ಕಾಯಮ್ಮಾ ಅಥವಾ ಪ್ರಭಾರವಾ ಅನ್ನುವುದನ್ನೂ ನೋಡಿ. ಪ್ರಭಾರ ಅಂದರೆ ಅಲ್ಲಿನ ಹಿರಿಯ ಮೇಷ್ಟ್ರೊಬ್ಬರು ಪಾಠದ ಜೊತೆ ಆಫೀಸು, ಬಿಸಿಯೂಟ, ಮೀಟಿಂಗು, ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಕಚೇರಿ ಓಡಾಟ ಎಲ್ಲ ಹೊತ್ತುಕೊಂಡಿದ್ದಾರೆ ಅಂತ. ಆ ಹಿರಿಯರು ಗಣಿತದವರೇ ಆಗಿದ್ದರೆ ಗಣಿತಕ್ಕೆ ಸಿಗುವ ಸಮಯ ಎಷ್ಟು, ನೀವೇ ಲೆಕ್ಕ ಹಾಕಿ.

ಇನ್ನೊಂದು ವಿಷಯ. ಮಕ್ಕಳ ಸಂಖ್ಯೆ ಕಡಿಮೆಯಾದರೆ ಹುದ್ದೆಯನ್ನು ಹೆಚ್ಚುವರಿ ಅಂತ ಗುರುತಿಸಿ ಬೇರೆ ಕಡೆಗೆ ಕಳಿಸುತ್ತಾರೆ. ವರ್ಷ ವರ್ಷ ಮಕ್ಕಳು ಇಳಿಯುತ್ತಿರುವ ಶಾಲೆಯಲ್ಲಿ ಇವತ್ತು ಒಳ್ಳೆಯ ಮೇಷ್ಟ್ರಿದ್ದರೂ ನಿಮ್ಮ ಮಗು ಹತ್ತಕ್ಕೆ ಬರುವಾಗ ಇರುತ್ತಾರೆ ಅಂತ ಹೇಳಲಾಗದು.

ಫ್ಲೆಕ್ಸಿನ ಮೇಲಿನ ಶೇಕಡಾ

ಎಸ್‌ಎಸ್‌ಎಲ್‌ಸಿ ರಿಸಲ್ಟ್ ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ನೋಡುವ ಕ್ರಮ ಬದಲಾಯಿಸಿ.

ಒಂದು ಕಲ್ಪನೆಯ ಲೆಕ್ಕ ಹಾಕೋಣ. ಒಂದು ಶಾಲೆಯಲ್ಲಿ 22 ಮಕ್ಕಳು ಪರೀಕ್ಷೆಗೆ ಕೂತರು, 22 ಪಾಸು. ಇನ್ನೊಂದರಲ್ಲಿ 140 ಕೂತರು, 112 ಪಾಸು. ಮೊದಲನೆಯದು ನೂರಕ್ಕೆ ನೂರು, ಎರಡನೆಯದು ಎಂಬತ್ತು. ಫ್ಲೆಕ್ಸು ಕಟ್ಟುವವರು ಮೊದಲನೆಯವರು. ಆದರೆ 625ಕ್ಕೆ 375 ದಾಟಿ ಫಸ್ಟ್ ಕ್ಲಾಸು ಬಂದವರು ಮೊದಲನೆಯದರಲ್ಲಿ 3, ಎರಡನೆಯದರಲ್ಲಿ 60 ಅಂತ ಇದ್ದರೆ? ಹಾಗಾಗಿ "ಎಷ್ಟು ಪರ್ಸೆಂಟ್" ಜೊತೆಗೆ "ಎಷ್ಟು ಜನ ಕೂತರು, ಎಷ್ಟು ಜನ 375 ದಾಟಿದರು, ಗಣಿತದಲ್ಲಿ ಎಷ್ಟು ಜನ ಫೇಲಾದರು" ಅಂತ ಕೇಳಬೇಕು. ವಿಷಯವಾರು ಪಟ್ಟಿ ಪ್ರತಿ ಶಾಲೆಯಲ್ಲೂ ಮಾಡಿಟ್ಟಿರುತ್ತಾರೆ, ಬಿಇಒ ಆಫೀಸಿಗೆ ಕೊಡಲೇಬೇಕಲ್ಲ. ಎಷ್ಟೋ ಕಡೆ ಮುಖ್ಯ ಶಿಕ್ಷಕರ ಕೋಣೆಯ ಗೋಡೆಯ ಮೇಲೇ ಬರೆದಿರುತ್ತಾರೆ.

625 ಅಂಕದಲ್ಲಿ ಶಾಲೆಯ ಕೈಯಲ್ಲೇ ಇರುವ ಆಂತರಿಕ ಅಂಕ 125. ಮೊದಲ ಭಾಷೆಗೆ 25, ಉಳಿದ ಐದು ವಿಷಯಕ್ಕೆ ಇಪ್ಪತ್ತಿಪ್ಪತ್ತು. ಇದನ್ನು ಬಹುತೇಕ ಶಾಲೆಗಳು ಕೈ ಬಿಚ್ಚಿ ಕೊಡುತ್ತವೆ. ಅದು ತಪ್ಪು ಅಂತಲ್ಲ, ಆದರೆ ಮಗು ಏನು ಕಲಿತಿದೆ ಅಂತ ಹೇಳುವುದು ಉಳಿದ 500.

ಇನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವುದು ಮೋಸದ ಕೆಲಸ. 2023ರಲ್ಲಿ ಇಡೀ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮರಾ ಬಂತು, ಫಲಿತಾಂಶ ಶೇ. 73.40ಕ್ಕೆ ಬಿತ್ತು, ಅದೂ ಗ್ರೇಸ್ ಅಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಮರುವರ್ಷ ಆ ಗ್ರೇಸ್ ಇಲ್ಲದೆ ಇನ್ನೂ ಇಳಿಯಿತು. 2025–26ರಿಂದ ಪಾಸಾಗುವ ಗೆರೆಯೇ ಶೇ. 35ರಿಂದ 33ಕ್ಕೆ ಬಂದಿದೆ. ಅಂದಮೇಲೆ "ನಮ್ಮ ಶಾಲೆ ಐದು ವರ್ಷದಲ್ಲಿ ಹೀಗೆ ಬೆಳೆಯಿತು" ಅನ್ನುವ ಗ್ರಾಫಿಗೆ ಬೆಲೆ ಇಲ್ಲ. ಒಂದೇ ವರ್ಷದಲ್ಲಿ ನಿಮ್ಮೂರಿನ ನಾಲ್ಕೂ ಶಾಲೆ ಪಕ್ಕಪಕ್ಕ ಇಟ್ಟು ನೋಡಿ, ಜೊತೆಗೆ ತಾಲ್ಲೂಕಿನ ಸರಾಸರಿ ಇಟ್ಟುಕೊಳ್ಳಿ. ಕ್ಯಾಮರಾ ಬಂದ ವರ್ಷ ಯಾವ ಶಾಲೆ ಜಾಸ್ತಿ ಕುಸಿಯಲಿಲ್ಲ ಅಂತ ನೋಡಿ, ಅಲ್ಲಿ ಮೊದಲಿನಿಂದಲೂ ಪಾಠ ನಡೆದಿದೆ. ಈ ಒಂದು ಗುರುತು ನನಗೆ ಉಳಿದೆಲ್ಲ ಅಂಕಿಗಿಂತ ದೊಡ್ಡದು.

ಈಗ ವರ್ಷಕ್ಕೆ ಪರೀಕ್ಷೆ 1, ಪರೀಕ್ಷೆ 2 ಅಂತ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಶಾಲೆಯವರು ಹೇಳುವ ಶೇಕಡಾ ಯಾವುದರದ್ದು ಅಂತ ಕೇಳಿ. ಹೋಲಿಸಲು ಪರೀಕ್ಷೆ 1 ಸಾಕು.

ಪಾಸಿಂಗ್ ಪ್ಯಾಕೇಜ್ ಅನ್ನುವ ಮಾತು ಹೈಸ್ಕೂಲು ಸ್ಟಾಫ್ ರೂಮಿನಲ್ಲಿ ದಿನಾ ಕೇಳಿಬರುತ್ತದೆ. ಹಿಂದುಳಿದ ಮಕ್ಕಳಿಗೆ ನಕ್ಷೆ, ಗ್ರಾಫ್, ಖಚಿತವಾಗಿ ಬರುವ ಪ್ರಮೇಯ, ಪತ್ರಲೇಖನ ಇಷ್ಟನ್ನೇ ತಿದ್ದಿ ತೀಡಿ ಗೆರೆ ದಾಟಿಸುವುದು. ಕಷ್ಟದಲ್ಲಿರುವ ಮಗುವಿಗೆ ಇದು ವರವೇ, ಫೇಲಾಗಿ ಮನೆಯಲ್ಲಿ ಕೂರುವುದಕ್ಕಿಂತ ಎಷ್ಟೋ ವಾಸಿ. ಆದರೆ ಡಿಸೆಂಬರ್ ಬಂದಕೂಡಲೇ ಇಡೀ ಕ್ಲಾಸಿಗೆ ಅದನ್ನೇ ಅರೆಯುವ ಶಾಲೆಯಲ್ಲಿ ಚುರುಕಾದ ಮಗು ಸುಮ್ನೆ ಕೂರುತ್ತದೆ, ಪಿಯು ಸೈನ್ಸಿಗೆ ಹೋದಮೇಲೆ ಒದ್ದಾಡುತ್ತದೆ. ನಿಮ್ಮ ಮಗು ಯಾವ ಕಡೆಯದು ಅಂತ ನಿಮಗೆ ಗೊತ್ತಿರುತ್ತದೆ. ಎರಡೂ ಬಗೆಯ ಮಕ್ಕಳಿಗೆ ಬೇರೆ ಬೇರೆ ಗುಂಪು ಮಾಡಿ ಸಂಜೆ ಕ್ಲಾಸು ತೆಗೆದುಕೊಳ್ಳುವ ಶಾಲೆ ಸಿಕ್ಕರೆ ಬಿಡಬೇಡಿ.

ರಿಸಲ್ಟ್ ಚೆನ್ನಾಗಿರುವ ಶಾಲೆಯ ಅರ್ಧ ಮಕ್ಕಳು ಬೆಳಗ್ಗೆ ಆರಕ್ಕೇ ಟ್ಯೂಷನ್ನಿಗೆ ಹೋಗುತ್ತಿದ್ದರೆ ಆ ಅಂಕ ಯಾರದ್ದು? ಸಣ್ಣ ಊರಲ್ಲಿ ಟ್ಯೂಷನ್ ಮಾಡುವವರು ಇಬ್ಬರೋ ಮೂವರೋ ಇರುತ್ತಾರೆ. ಅವರ ಮನೆ ಮುಂದೆ ಯಾವ ಯೂನಿಫಾರ್ಮ್ ಜಾಸ್ತಿ ನಿಂತಿದೆ ಅಂತ ಒಂದು ಬೆಳಗ್ಗೆ ನೋಡಿಕೊಂಡು ಬನ್ನಿ.

ಮೊಬೈಲಿನಲ್ಲೇ ಮಾಡುವ ಕೆಲಸ

ಶಾಲೆಗಳ ಮಾಹಿತಿ ಇಡುವ ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್ ವೆಬ್‌ಸೈಟಿನಲ್ಲಿ ಪ್ರತಿ ಶಾಲೆಯ ರಿಪೋರ್ಟ್ ಕಾರ್ಡ್ ಸಿಗುತ್ತದೆ, ಲಾಗಿನ್ ಬೇಡ. ಪ್ರತಿ ಶಾಲೆಗೂ 11 ಅಂಕಿಯ ಕೋಡ್ ಇದೆ, ಕರ್ನಾಟಕದ್ದು 29ರಿಂದ ಶುರು. ಕೋಡ್ ಶಾಲೆಯ ಗೋಡೆಯ ಮೇಲೆ ಬರೆದಿರುತ್ತದೆ, ಇಲ್ಲದಿದ್ದರೆ ಜಿಲ್ಲೆ, ತಾಲ್ಲೂಕು ಆರಿಸಿಯೂ ಹುಡುಕಬಹುದು. ಕೊಠಡಿ ಎಷ್ಟು, ಶೌಚಾಲಯ ಎಷ್ಟು, ಯಾವ ಮಾಧ್ಯಮ, ಮೇಷ್ಟ್ರು ಎಷ್ಟು, ಯಾವ ಕ್ಲಾಸಿನಲ್ಲಿ ಎಷ್ಟು ಮಕ್ಕಳು ಎಲ್ಲ ಇರುತ್ತದೆ. ಶಾಲೆಯವರೇ ತುಂಬಿದ ಮಾಹಿತಿ, ಅದೂ ಹಿಂದಿನ ವರ್ಷದ್ದು, ಹಾಗಾಗಿ ಕಟ್ಟಡದ ಭಾಗವನ್ನು ಪೂರ್ತಿ ನಂಬಿ ಕೂರಬೇಡಿ. ಕಂಪ್ಯೂಟರ್ 10 ಅಂತ ಇರುತ್ತದೆ, ಅದರಲ್ಲಿ ಆನ್ ಆಗುವುದು ಎಷ್ಟೋ.

ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಮಕ್ಕಳ ಸಂಖ್ಯೆ. ಒಂದು ವರ್ಷದ ಎಂಟನೇ ಕ್ಲಾಸಿನ ಸಂಖ್ಯೆ ಬರೆದುಕೊಳ್ಳಿ, ಎರಡು ವರ್ಷ ಬಿಟ್ಟು ಅದೇ ಶಾಲೆಯ ಹತ್ತನೇ ಕ್ಲಾಸಿನ ಸಂಖ್ಯೆ ನೋಡಿ. 60 ಇದ್ದದ್ದು 58 ಆಗಿದ್ದರೆ ಸರಿ. 44 ಆಗಿದ್ದರೆ ಉಳಿದ 16 ಮಕ್ಕಳು ಎಲ್ಲಿ ಹೋದರು? ಕೆಲವರು ಟಿಸಿ ತೆಗೆದುಕೊಂಡು ಬೇರೆ ಊರಿಗೆ ಹೋಗಿರಬಹುದು, ಕೆಲವರು ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಸೇರಿರಬಹುದು, ಕೆಲವು ಹೆಣ್ಣುಮಕ್ಕಳಿಗೆ ಮದುವೆಯೇ ಆಗಿರಬಹುದು. ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋಗಿ ಕರೆತರುವ ಮೇಷ್ಟ್ರುಗಳೂ ಇದ್ದಾರೆ, ಬಿಟ್ಟರೆ ರಿಸಲ್ಟಿಗೆ ಒಳ್ಳೆಯದೇ ಆಯಿತು ಅಂದುಕೊಳ್ಳುವವರೂ ಇದ್ದಾರೆ. ಫಲಿತಾಂಶದ ಶೇಕಡಾದಲ್ಲಿ ಈ ಹದಿನಾರು ಮಕ್ಕಳು ಎಲ್ಲೂ ಕಾಣುವುದಿಲ್ಲ.

ಮೀಡಿಯಂ ಬದಲಾಯಿಸುವ ಮುಂಚೆ, ಊರು ಬದಲಾಯಿಸುವ ಮುಂಚೆ

ಈಗ ಬಹಳ ಸರ್ಕಾರಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗವೂ ಇದೆ. ಏಳರವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷಿಗೆ ಹಾಕುವ ಆಸೆ ಎಲ್ಲರಿಗೂ. ಹಾಕಿ, ಆದರೆ ಮೊದಲು ಎರಡು ಸಂಗತಿ ತಿಳಿದುಕೊಳ್ಳಿ. ಇಂಗ್ಲಿಷ್ ವಿಭಾಗಕ್ಕೆ ಬೇರೆ ಕೋಣೆ, ಬೇರೆ ಪೀರಿಯಡ್ ಇದೆಯಾ ಅಥವಾ ಎರಡೂ ಮೀಡಿಯಂ ಮಕ್ಕಳನ್ನು ಒಟ್ಟಿಗೇ ಕೂರಿಸಿ ಕನ್ನಡದಲ್ಲೇ ಪಾಠ ಮಾಡಿ ಇಂಗ್ಲಿಷಿನಲ್ಲಿ ನೋಟ್ಸು ಬರೆಸುತ್ತಾರಾ? ಎರಡನೆಯದಾಗಿದ್ದರೆ ಮಗುವಿಗೆ ಎರಡೂ ಕಡೆ ನಷ್ಟ.

ಇನ್ನೊಂದು ಮೀಸಲಾತಿಯದು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಶೇ. 5 ಮೀಸಲು ಇದೆ, ಇಂಜಿನಿಯರಿಂಗಿನಂಥ ಕೋರ್ಸುಗಳಿಗೆ ಪಿಯು ಆದಮೇಲೆ ಬರೆಯುವ ಸಿಇಟಿಯ ಸೀಟಿನಲ್ಲೂ ಶೇ. 5 ಇದೆ. ಏಳು ವರ್ಷ ಕನ್ನಡದಲ್ಲಿ ಓದಿ ಎಂಟಕ್ಕೆ ಬದಲಾಯಿಸಿದರೆ ಅದು ಹೋಯಿತು. ಬದಲಾಯಿಸಬೇಡಿ ಅಂತಲ್ಲ, ಏನು ಬಿಟ್ಟುಕೊಡುತ್ತಿದ್ದೀರಿ ಅಂತ ಗೊತ್ತಿರಲಿ.

ಇದಕ್ಕಿಂತ ದೊಡ್ಡದು ಗ್ರಾಮೀಣ ಮೀಸಲಾತಿ. ಇದನ್ನು ಹಳ್ಳಿಯ ತಂದೆತಾಯಿಗೆ ಯಾರೂ ಸಮಯಕ್ಕೆ ಹೇಳುವುದಿಲ್ಲ. ಒಂದರಿಂದ ಹತ್ತು, ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದ್ದರೆ ಸಿಇಟಿಯಲ್ಲಿ ಶೇ. 15, ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಶೇ. 25. ಹಳ್ಳಿಯಲ್ಲಿ ಏಳು ಮುಗಿಸಿ "ಪೇಟೆ ಶಾಲೆ ಚೆನ್ನಾಗಿರುತ್ತೆ" ಅಂತ ತಾಲ್ಲೂಕು ಊರಿನ ಹೈಸ್ಕೂಲಿಗೆ ಹಾಕಿದರೆ ಏಳು ವರ್ಷದ ಗಂಟು ಮೂರು ವರ್ಷಕ್ಕಾಗಿ ಕರಗಿಹೋಗುತ್ತದೆ. ಊರು ಎಷ್ಟು ಸಣ್ಣದು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಪಟ್ಟಣ ಪಂಚಾಯಿತಿ ಆದರೂ, ಪುರಸಭೆ ಆದರೂ ಅದು ಗ್ರಾಮೀಣ ಅಲ್ಲ. ಗ್ರಾಮ ಪಂಚಾಯಿತಿ ಗಡಿಯೊಳಗಿದ್ದರೆ ಮಾತ್ರ ಗ್ರಾಮೀಣ. ಊರಿನಿಂದ ಎರಡು ಕಿಲೋಮೀಟರ್ ಆಚೆ ಪಂಚಾಯಿತಿ ಗಡಿಯಲ್ಲಿರುವ ಆ ಸಣ್ಣ ಹೈಸ್ಕೂಲಿನ ಬೆಲೆ ಈಗ ಗೊತ್ತಾಯಿತಲ್ಲ? ಶಾಲೆ ಯಾವ ಗಡಿಯಲ್ಲಿದೆ ಅಂತ ಅಂದಾಜಿನಲ್ಲಿ ಹೇಳಬೇಡಿ, ಮುಖ್ಯ ಶಿಕ್ಷಕರನ್ನೇ ಕೇಳಿ. ಮುಂದೆ ಅಧ್ಯಯನ ಪ್ರಮಾಣಪತ್ರ ಬರೆದುಕೊಡುವವರು ಅವರೇ, ಅದಕ್ಕೆ ಮೇಲುಸಹಿ ಹಾಕುವುದು ಬಿಇಒ.

ಹಾಗಂತ ಗಣಿತದ ಮೇಷ್ಟ್ರೇ ಇಲ್ಲದ ಶಾಲೆಗೆ ಬರೀ ಮೀಸಲಾತಿಗೋಸ್ಕರ ಹಾಕಿದರೆ ಸಿಇಟಿವರೆಗೆ ಹೋಗುವುದು ಹೇಗೆ? ಎರಡನ್ನೂ ಎದುರಿಗಿಟ್ಟುಕೊಂಡು ಯೋಚಿಸಬೇಕು. ಎರಡು ಶಾಲೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೆ ನಾನಂತೂ ಪಂಚಾಯಿತಿ ಗಡಿಯದ್ದನ್ನೇ ಆರಿಸುತ್ತೇನೆ.

ಒಂದು ಸಲ ಹೋಗಿ ನೋಡಿ

ಆಗಸ್ಟ್ 15ಕ್ಕೆ, ವಾರ್ಷಿಕೋತ್ಸವಕ್ಕೆ ಹೋದರೆ ಎಲ್ಲ ಶಾಲೆಯೂ ಚೆಂದ. ಮಾಮೂಲಿ ಮಂಗಳವಾರವೋ ಬುಧವಾರವೋ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಮಗು ಏಳನೇ ಕ್ಲಾಸಿನಲ್ಲಿರುವಾಗಲೇ, ಜನವರಿಯಲ್ಲೋ ಫೆಬ್ರವರಿಯಲ್ಲೋ ಹೋದರೆ ಒಳ್ಳೆಯದು, ಮೇ ತಿಂಗಳಲ್ಲಿ ಖಾಲಿ ಕಟ್ಟಡ ನೋಡಿ ಏನು ಮಾಡುತ್ತೀರಿ.

ಹತ್ತನೇ ಕ್ಲಾಸು ನೋಡಬೇಡಿ, ಒಂಬತ್ತನೇ ಕ್ಲಾಸು ನೋಡಿ. ಹತ್ತನೇ ಕ್ಲಾಸಿನ ಮೇಲೆ ಬಿಇಒ, ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ಎಲ್ಲರ ಕಣ್ಣಿರುತ್ತದೆ, ಅಲ್ಲಿ ಹೇಗಾದರೂ ಪಾಠ ನಡೆಯುತ್ತದೆ. ಆ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ ಅಂತ ಮೇಷ್ಟ್ರೆಲ್ಲ ಆ ಕಡೆ ಓಡಿರುತ್ತಾರೆ. ಆಗ ಎಂಟು, ಒಂಬತ್ತನೇ ಕ್ಲಾಸಿನಲ್ಲಿ ಯಾರಾದರೂ ಇದ್ದಾರಾ, ಮಕ್ಕಳು ಬೋರ್ಡು ನೋಡುತ್ತಿದ್ದಾರಾ, ಇಲ್ಲಾ ಲೀಡರ್ ನಿಂತುಕೊಂಡು ಮಾತಾಡಿದವರ ಹೆಸರು ಬರೆಯುತ್ತಿದ್ದಾನಾ? ಶಾಲೆಯ ನಿಜವಾದ ಬಣ್ಣ ಅದೇ. ನಿಮ್ಮ ಮಗು ಹತ್ತಕ್ಕೆ ಬರುವ ಮುಂಚೆ ಎರಡು ವರ್ಷ ಕೂರುವುದು ಅಲ್ಲಿ.

ಅದೇ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗನೋ ಹುಡುಗಿಯೋ ನಿಮ್ಮ ಬೀದಿಯಲ್ಲಿ ಇದ್ದೇ ಇರುತ್ತಾರೆ. ಅವರ ಗಣಿತದ ನೋಟ್‌ಬುಕ್ ಇಸಿದುಕೊಂಡು ನೋಡಿ. ತಾರೀಖು ನೋಡಿ, ಎರಡು ಪಾಠದ ನಡುವೆ ಎಷ್ಟು ದಿನ ಬಿಟ್ಟುಹೋಗಿದೆ ಅಂತ. ಕೆಂಪು ಶಾಯಿ ಇದೆಯಾ, ಇದ್ದರೆ ಬರೀ ಸರಿ ಗುರುತಾ, ತಪ್ಪನ್ನು ತಿದ್ದಿದ್ದಾರಾ? ಹತ್ತು ನಿಮಿಷದ ಕೆಲಸ, ಮುಖ್ಯ ಶಿಕ್ಷಕರ ಭಾಷಣಕ್ಕಿಂತ ಜಾಸ್ತಿ ಹೇಳುತ್ತದೆ. ಲ್ಯಾಬ್ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಈ ವರ್ಷ ಲ್ಯಾಬಿನಲ್ಲಿ ಏನು ಮಾಡಿದಿರಿ ಅಂತ ಆ ಮಗುವನ್ನೇ ಕೇಳಿ.

ಎನ್‌ಎಂಎಂಎಸ್ ಬಗ್ಗೆ ತಪ್ಪದೆ ವಿಚಾರಿಸಿ. ಎಂಟನೇ ಕ್ಲಾಸಿನಲ್ಲಿ ಬರೆಯುವ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದೊಳಗಿರಬೇಕು. 90 ಅಂಕದ ಎರಡು ಪತ್ರಿಕೆ, ಒಂದು ಬುದ್ಧಿ ಪರೀಕ್ಷೆ, ಇನ್ನೊಂದು ಪಾಠದ ವಿಷಯ. ಇದಕ್ಕೆ ಮೇಷ್ಟ್ರಿಗೆ ಯಾರೂ ಹೆಚ್ಚು ಸಂಬಳ ಕೊಡುವುದಿಲ್ಲ. ಹಾಗಿದ್ದೂ ಪ್ರತಿ ವರ್ಷ ಎರಡು ಮೂರು ಮಕ್ಕಳು ಆಯ್ಕೆಯಾಗುತ್ತಿದ್ದಾರೆ ಅಂದರೆ ಆ ಶಾಲೆಯಲ್ಲಿ ಯಾರೋ ಒಬ್ಬರು ಮನಸ್ಸಿಟ್ಟು ಕೂರಿಸಿ ಹೇಳಿಕೊಡುತ್ತಿದ್ದಾರೆ ಅಂತ. ಅರ್ಜಿಯನ್ನೇ ಹಾಕಿಸದ ಶಾಲೆಗಳೂ ಇವೆ.

ಹೆಣ್ಣುಮಕ್ಕಳ ಶೌಚಾಲಯ ನೋಡಲು ನಿಮ್ಮ ಮನೆಯವರನ್ನೋ ಅಕ್ಕನನ್ನೋ ಕಳಿಸಿ. ಇದೆಯಾ ಅಂತಲ್ಲ, ನೀರು ಬರುತ್ತಾ, ಒಳಗಿನ ಚಿಲಕ ಸರಿಯಿದೆಯಾ, ಬೀಗ ಹಾಕಿಟ್ಟಿದ್ದಾರಾ. ಇದೊಂದು ಸರಿ ಇಲ್ಲದೆ ತಿಂಗಳಿಗೆ ಮೂರು ನಾಲ್ಕು ದಿನ ಶಾಲೆ ತಪ್ಪಿಸುವ ಹುಡುಗಿಯರು ಎಷ್ಟೋ ಇದ್ದಾರೆ.

ಓಡಾಟ, ಊಟ

ಇದರಲ್ಲಿ ಜಾಸ್ತಿ ಹೇಳುವುದಿಲ್ಲ. ಮಧ್ಯಾಹ್ನದ ಬಿಸಿಯೂಟ ಹತ್ತನೇ ಕ್ಲಾಸಿನವರೆಗೂ ಇದೆ, ಮೊಟ್ಟೆಯೂ ಇದೆ, ತಿನ್ನದವರಿಗೆ ಬಾಳೆಹಣ್ಣು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಚಿಂತೆ ಇಲ್ಲ, ಹುಡುಗರು ಸ್ಟೂಡೆಂಟ್ ಪಾಸ್ ಮಾಡಿಸಬೇಕು. ಕರಾವಳಿ, ಮಲೆನಾಡಿನ ಕೆಲವು ರೂಟುಗಳಲ್ಲಿ ಓಡುವುದು ಪ್ರೈವೇಟ್ ಬಸ್ಸೇ, ಅಲ್ಲಿ ಶಕ್ತಿ ನಡೆಯುವುದಿಲ್ಲ. ನೋಡಬೇಕಾದ್ದು ಬೆಳಗಿನ ಬಸ್ಸಿಗಿಂತ ಸಂಜೆಯದು. ಹತ್ತನೇ ಕ್ಲಾಸಿಗೆ ವಿಶೇಷ ತರಗತಿ ಮುಗಿಯುವಾಗ ಐದೂವರೆ, ಆರು ಆಗುತ್ತದೆ, ಆಮೇಲೆ ನಿಮ್ಮ ಹಳ್ಳಿಗೆ ಬಸ್ಸಿದೆಯಾ? ಇಲ್ಲದಿದ್ದರೆ ನಿಮ್ಮ ಮಗು ಬಸ್ಸಿಗಾಗಿ ಪ್ರತಿ ದಿನ ಆ ಕ್ಲಾಸು ಬಿಟ್ಟು ಓಡುತ್ತದೆ, ಶಾಲೆ ಎಷ್ಟು ಒಳ್ಳೆಯದಾಗಿದ್ದರೂ ಅದರ ಲಾಭ ಸಿಗುವುದಿಲ್ಲ. ಶನಿವಾರ ಬೆಳಗಿನ ಶಾಲೆ, ಅವತ್ತಿನ ಮೊದಲ ಬಸ್ಸು ಎಷ್ಟಕ್ಕೆ ಅಂತಲೂ ನೋಡಿಕೊಳ್ಳಿ.

ಸೇರಿಸುವಾಗ

ಹಿಂದಿನ ಶಾಲೆಯಿಂದ ಟಿಸಿ, ಅಂಕಪಟ್ಟಿ, ಮಗುವಿನ ಸ್ಯಾಟ್ಸ್ ನಂಬರ್ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ಜೂನ್ ಮೊದಲ ದಿನಗಳಲ್ಲಿ ಸೇತುಬಂಧ ಅಂತ ಹಿಂದಿನ ಕ್ಲಾಸಿನದನ್ನು ನೆನಪಿಸುವ ಪಾಠ ನಡೆಯುತ್ತದೆ. ನಿಧಾನಕ್ಕೆ ಸೇರಿಸಿದರಾಯಿತು ಅಂತ ತಡ ಮಾಡಿದರೆ ಅದು ತಪ್ಪುತ್ತದೆ, ಹೊಸ ಶಾಲೆಗೆ ಬರುವ ಮಗುವಿಗೆ ಅದೇ ಹೆಚ್ಚು ಬೇಕಾದ್ದು.

ಫಾರಂ ತುಂಬುವಾಗ ಮೊದಲ ಭಾಷೆ, ಮಾಧ್ಯಮ ಎರಡನ್ನೂ ನೀವೇ ಓದಿ ನೋಡಿ ಸಹಿ ಹಾಕಿ. ಮಗುವಿನ ಹೆಸರು, ಇನಿಷಿಯಲ್, ತಂದೆತಾಯಿ ಹೆಸರು, ಹುಟ್ಟಿದ ತಾರೀಖು ಟಿಸಿಯಲ್ಲಿ, ಆಧಾರಿನಲ್ಲಿ, ಸ್ಯಾಟ್ಸ್‌ನಲ್ಲಿ ಒಂದೇ ಥರ ಇದೆಯಾ ಅಂತ ಎಂಟನೇ ಕ್ಲಾಸಿನಲ್ಲೇ ನೋಡಿ, ವ್ಯತ್ಯಾಸ ಇದ್ದರೆ ಆಗಲೇ ಅರ್ಜಿ ಕೊಟ್ಟು ತಿದ್ದಿಸಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಅಚ್ಚಾಗಿ ಬಂದಮೇಲೆ ಒಂದು ಅಕ್ಷರ ಬದಲಾಯಿಸಬೇಕಾದರೂ ಶಾಲೆ, ಬಿಇಒ ಆಫೀಸು, ಪರೀಕ್ಷಾ ಮಂಡಳಿ ಅಂತ ತಿರುಗಬೇಕಾಗುತ್ತದೆ.